ಪ್ರಾಗ್ಮ್ಯಾಟಿಕ್ ಅಂದರೆ ಹೊಗಳಿಕೆಯೋ ಬೈಗುಳವೋ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು, ಕೆಲಸ ಮಂಗಳೂರಿನಲ್ಲಿ. ಈ ಸಲದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನ ಬಗ್ಗೆ ‘ಪ್ರಾಗ್ಮ್ಯಾಟಿಕ್’ ಎಂದು ಬರೆದಿದ್ದಾರೆ. ಮನೆಯಲ್ಲಿ ಹೇಳಿದರೆ ದೊಡ್ಡಪ್ಪ, ‘ಅಂದರೆ ಗಾಳಿ ಬಂದಾಗ ತೂರಿಕೊಳ್ಳುವವ ಅಂತ’ ಎಂದು ನಕ್ಕರು. ತಂಗಿ ಮೊಬೈಲಿನಲ್ಲಿ ಹುಡುಕಿ ‘ಪ್ರಾಯೋಗಿಕ’ ಎಂದಳು. ಎರಡೂ ನನಗೆ ಸರಿ ಕಾಣಲಿಲ್ಲ. ಈ ಪದದ ಅರ್ಥವೇನು? ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಹೊಗಳಿಕೆಯೇ, ನಿಶ್ಚಿಂತೆಯಿಂದಿರಿ. ಒಂದು ಕೆಲಸ ಆಗಬೇಕಾದಾಗ ‘ಪುಸ್ತಕದಲ್ಲಿ ಹೀಗುಂಟು’, ‘ಹಿಂದಿನಿಂದ ನಮ್ಮಲ್ಲಿ ಹೀಗೆಯೇ’ ಎಂದು ಪಟ್ಟು ಹಿಡಿದು ಕೂರದೆ, ಇರುವ ಜನ, ಇರುವ ಹಣ, ಇರುವ ಸಮಯದಲ್ಲಿ ಯಾವುದು ನಡೆದೀತು ಎಂದು ನೋಡಿ ಮಾಡುವವರಿಗೆ, ಮಾಡಿದ್ದರ ಫಲ ನೋಡಿ ತಿದ್ದಿಕೊಳ್ಳುವವರಿಗೆ ಇಂಗ್ಲಿಷಿನಲ್ಲಿ ಪ್ರಾಗ್ಮ್ಯಾಟಿಕ್ ಎನ್ನುತ್ತಾರೆ. ಕೊನೆಯ ಭಾಗವನ್ನು, ಅಂದರೆ ಫಲ ನೋಡಿ ತಿದ್ದಿಕೊಳ್ಳುವುದನ್ನು, ಜನ ಮರೆಯುತ್ತಾರೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. ನಿಮ್ಮ ದೊಡ್ಡಪ್ಪನ ನಗುವಿನಲ್ಲೂ ಸ್ವಲ್ಪ ಹುರುಳುಂಟು, ತಂಗಿಯ ಉತ್ತರಕ್ಕೂ ನಮ್ಮ ಊರಿನದೇ ಒಂದು ಕಾರಣ ಉಂಟು. ಎರಡಕ್ಕೂ ಬರೋಣ.

ಪದದ ಬೇರು ಗ್ರೀಕಿನ ‘ಪ್ರಾಗ್ಮ’: ಮಾಡಿದ ಕೆಲಸ, ನಡೆದ ಸಂಗತಿ. ಬಹುವಚನದಲ್ಲಿ ಅದಕ್ಕೆ ವ್ಯವಹಾರಗಳು, ರಾಜ್ಯದ ಆಗುಹೋಗುಗಳು ಎಂಬ ಅರ್ಥ ಬರುತ್ತದೆ. ‘ಪ್ರಾಕ್ಟಿಕಲ್’, ‘ಪ್ರಾಕ್ಟೀಸ್’ ಕೂಡ ‘ಮಾಡು’ ಎನ್ನುವ ಅದೇ ಧಾತುವಿನಿಂದ ಹುಟ್ಟಿದವು. ಪಿಎಸ್‌ಸಿಗೆ ಓದುವವರು 1713ರ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಕಂಡು ತಲೆ ಕೆರೆದುಕೊಳ್ಳುತ್ತಾರೆ. ಗಂಡು ಸಂತಾನ ಇಲ್ಲದೆ ಹೋದರೆ ಮಗಳಿಗೂ ರಾಜ್ಯ ಸಲ್ಲಬೇಕೆಂದು ಆಸ್ಟ್ರಿಯಾವನ್ನು ಆಳುತ್ತಿದ್ದ ಆರನೇ ಚಾರ್ಲ್ಸ್ ಚಕ್ರವರ್ತಿ ಹೊರಡಿಸಿದ ಆಜ್ಞೆ ಅದು. ಅಲ್ಲಿ ಆ ಪದಕ್ಕೆ ‘ರಾಜ್ಯದ ಕಾರುಬಾರಿಗೆ ಸಂಬಂಧಪಟ್ಟ’ ಎಂದಷ್ಟೇ ಅರ್ಥ, ಚಾರ್ಲ್ಸನ ಜಾಣತನವನ್ನು ಯಾರೂ ಹೊಗಳುತ್ತಿಲ್ಲ.

ಇನ್ನೊಂದು ಸಂಗತಿ ನಿಮ್ಮ ದೊಡ್ಡಪ್ಪನಿಗೆ ಖುಷಿ ಕೊಟ್ಟೀತು. ಇಂಗ್ಲಿಷಿನಲ್ಲೇ ಈ ಪದ ಒಂದು ಕಾಲಕ್ಕೆ ಬೈಗುಳವಾಗಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ‘ಪ್ರಾಗ್ಮ್ಯಾಟಿಕಲ್’ಗೆ ಕೊಟ್ಟ ಅರ್ಥ, ಯಾರೂ ಕರೆಯದೆ ಬಂದು ಕಂಡವರ ಕೆಲಸದಲ್ಲಿ ಕೈಹಾಕುವ ಸ್ವಭಾವ ಎಂಬುದು. ನಮ್ಮ ಮಾತಿನಲ್ಲಿ ಅಧಿಕಪ್ರಸಂಗಿ, ಊರ ಉಸಾಬರಿ ಹೊತ್ತವ. ಮದುವೆ ಮನೆಯಲ್ಲಿ ಯಾರೂ ಹೇಳದಿದ್ದರೂ ಬಡಿಸುವವರ ಸಾಲಿನ ಮುಂದೆ ನಿಂತು ‘ಪಾಯಸ ಈ ಕಡೆಯಿಂದ, ಪಾಯಸ ಈ ಕಡೆಯಿಂದ’ ಎನ್ನುವವರು ಇರುತ್ತಾರಲ್ಲ, ಅಂಥವರು. ಇಂಥ ಪದ ಮರ್ಯಾದಸ್ಥರ ಸಾಲಿಗೆ ಬಂದದ್ದು ಬಹುಮಟ್ಟಿಗೆ ಅಮೆರಿಕದ ಇಬ್ಬರು ಮೂವರು ತತ್ವಶಾಸ್ತ್ರಜ್ಞರ ದೆಸೆಯಿಂದ.

ಮೊದಲನೆಯವರು ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್. ಹುಟ್ಟಿದ್ದು 1839ರಲ್ಲಿ, ತೀರಿಕೊಂಡದ್ದು 1914ರಲ್ಲಿ. ವೃತ್ತಿಯಲ್ಲಿ ಅಳತೆಯ ಕೆಲಸ ಮಾಡಿದ ವಿಜ್ಞಾನಿ, ಪ್ರವೃತ್ತಿಯಲ್ಲಿ ತರ್ಕಶಾಸ್ತ್ರಜ್ಞ. ನಮ್ಮ ವಿಚಾರಗಳನ್ನು ತಿಳಿಯಾಗಿಸಿಕೊಳ್ಳುವುದು ಹೇಗೆ ಎಂಬ ಬಗ್ಗೆ 1878ರಲ್ಲಿ ಅವರು ಒಂದು ಲೇಖನ ಬರೆದರು. ಒಂದು ವಸ್ತುವಿನ ಬಗ್ಗೆ ನಾವು ಹೇಳುವ ಮಾತಿನ ಅರ್ಥ ತಿಳಿಯಬೇಕಾದರೆ, ಆ ಮಾತು ನಿಜವಾಗಿದ್ದಲ್ಲಿ ಅನುಭವದಲ್ಲಿ ಏನೇನು ಫಲ ಕಂಡೀತು ಎಂದು ಯೋಚಿಸಿ. ಆ ಫಲಗಳನ್ನೆಲ್ಲ ಒಟ್ಟು ಮಾಡಿದರೆ ಅದೇ ಅರ್ಥ, ಅದರಾಚೆ ಗುಟ್ಟಾಗಿ ಉಳಿದದ್ದು ಏನೂ ಇಲ್ಲ ಎಂಬುದು ಅವರ ವಾದ. ‘ಗಟ್ಟಿ’ ಎಂದರೇನು? ಬೇರೆ ಹಲವು ವಸ್ತುಗಳಿಂದ ಗೀರಿದರೂ ಗೀರು ಬೀಳದ್ದು. ಅವರೇ ಕೊಟ್ಟ ಉದಾಹರಣೆ ಇದು.

ಓದುವಾಗ ಕಬ್ಬಿಣದ ಕಡಲೆ ಅನ್ನಿಸಬಹುದು. ಆದರೆ ಅಡಿಕೆ ತೋಟ ಇರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಅಂಗಳದಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರಿನಲ್ಲಿ, ಕರಗಿದ ತುತ್ತನ್ನು ಸುಣ್ಣದ ತಿಳಿಗೆ ಕಲಕುತ್ತಾ ಕಲಕುತ್ತಾ ಹೊಯ್ಯುವುದು. ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣದ್ದು ಕೂಡದು. ಆಕಾಶನೀಲಿ ಬೋರ್ಡೊ ದ್ರಾವಣ ಆಯಿತು. ಹದವಾಗಿದೆಯೇ? ‘ಹದ’ ಎನ್ನುವುದನ್ನು ಕಣ್ಣಿಂದ ಹೇಳಲಿಕ್ಕಾಗುವುದಿಲ್ಲ. ಸುಣ್ಣ ಹಳತಾಗಿದ್ದರೆ ತೂಕ ಸರಿಯಿದ್ದರೂ ಸತ್ವ ಸಾಲದು. ಆಗ ಚೆನ್ನಾಗಿ ತಿಕ್ಕಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದು ಲೆಕ್ಕ, ಅದನ್ನು ಹಾಗೆಯೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣ ಹೊಯ್ದು ಮತ್ತೆ ಅದ್ದಬೇಕು. ಕತ್ತಿ ಕೆಂಪಾಗದಿದ್ದರೆ ಹದ.

ಪರ್ಸ್ ಹೇಳಿದ್ದು ಇಷ್ಟೇ. ‘ಮದ್ದು ಹದವಾಗಿದೆ’ ಎಂಬ ಮಾತಿನ ಅರ್ಥ ಆ ಕತ್ತಿ ಕೆಂಪಾಗದಿರುವುದರಲ್ಲಿ, ಎಳೆ ಕಾಯಿ ಸುಡದಿರುವುದರಲ್ಲಿ, ಮಳೆಗೆ ಮದ್ದು ತೊಳೆದು ಹೋಗದಿರುವುದರಲ್ಲಿ ಇದೆ. ಪ್ಯಾಕೆಟಿನ ಮೇಲೆ ಏನು ಅಚ್ಚಾಗಿದೆ ಎಂಬುದರಲ್ಲಿ ಇಲ್ಲ, ತಲೆಮಾರಿನಿಂದ ಮದ್ದು ಬಿಡುತ್ತಾ ಬಂದವರು ಏನು ಹೇಳಿದರು ಎಂಬುದರಲ್ಲೂ ಇಲ್ಲ.

ಈ ಮದ್ದಿನ ಕಥೆಯೇ ಪ್ರಾಗ್ಮ್ಯಾಟಿಕ್ ಬುದ್ಧಿಗೆ ಒಳ್ಳೆಯ ಪಾಠ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರು. ನೋಡಿದರೆ ವಿಷ ಅನ್ನಿಸಲಿ, ಬಾಯಿಗಿಟ್ಟರೆ ಕಹಿಯಾಗಲಿ ಎಂದು ರೈತರು ತುತ್ತು, ಸುಣ್ಣ ಕಲಸಿ ಅಂಚಿನ ಬಳ್ಳಿಗಳಿಗೆ ಎರಚಿದರು. 1882ರಲ್ಲಿ ಬೂಜು ರೋಗ ಬಂದು ತೋಟಗಳ ಎಲೆಯೆಲ್ಲ ಉದುರಿದಾಗ ಅಂಚಿನ ಬಳ್ಳಿಗಳು ಮಾತ್ರ ಹಸುರಾಗಿದ್ದವು. ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಅದನ್ನು ಗಮನಿಸಿ, ಪ್ರಯೋಗ ಮಾಡಿ ನೋಡಿ, 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಓಡಿಸಲಿಕ್ಕೆ ಮಾಡಿದ ಮದ್ದು ರೋಗ ಓಡಿಸಿತು. ಮುಂದೆ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೊ ದ್ರಾವಣ ಅಡಿಕೆ ತೋಟಕ್ಕೆ ಇಳಿದ ದಾರಿ ಅದು. ಮಿಲಾರ್ಡೆಯವರನ್ನು ಪ್ರಾಗ್ಮ್ಯಾಟಿಕ್ ಎಂದು ನಾನು ಕರೆಯುವುದು ಅದೃಷ್ಟ ಒಲಿದದ್ದಕ್ಕಲ್ಲ. ಅಂಚಿನ ಸಾಲನ್ನೂ ಒಳಗಿನ ಸಾಲನ್ನೂ ಹೋಲಿಸಿ ನೋಡಿ, ಮತ್ತೆ ಬೇರೆ ಕಡೆ ಎರಚಿ ಖಚಿತ ಮಾಡಿಕೊಂಡರಲ್ಲ, ಅದಕ್ಕೆ.

ಪರ್ಸ್ ಕಟ್ಟಿದ್ದನ್ನು ಊರಿಗೆಲ್ಲ ಹಂಚಿದವರು ಅವರ ಸ್ನೇಹಿತ ವಿಲಿಯಂ ಜೇಮ್ಸ್. 1898ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಭಾಷಣದಲ್ಲಿ ‘ಪ್ರಾಗ್ಮ್ಯಾಟಿಸಂ’ ಎಂಬ ಹೆಸರು ಹೇಳಿ ಅದರ ಶ್ರೇಯಸ್ಸನ್ನು ಪರ್ಸ್‌ಗೇ ಕೊಟ್ಟರು, 1907ರಲ್ಲಿ ಅದರ ಮೇಲೆ ಪುಸ್ತಕವನ್ನೇ ತಂದರು. ಜೇಮ್ಸ್ ಮಾತುಗಾರ. ಸತ್ಯಕ್ಕೆ ‘ನಗದು ಬೆಲೆ’ ಏನು ಎಂದು ಕೇಳಬೇಕು ಎಂದುಬಿಟ್ಟರು. ಹೇಳಬೇಕೆಂದಿದ್ದದ್ದು ಬೇರೆ, ಕೇಳಿದವರು ಹಿಡಿದುಕೊಂಡದ್ದು ‘ನಗದು’ ಎಂಬ ಪದವನ್ನು. ಲಾಭ ಬಂದರೆ ಸತ್ಯ, ಬಾರದಿದ್ದರೆ ಸುಳ್ಳು ಎನ್ನುವ ಮತ ಇದು ಎಂಬ ಅಪವಾದ ಅಂಟಿತು. ಪರ್ಸ್ ಬೇಸತ್ತು 1905ರಲ್ಲಿ ತಮ್ಮ ಮತಕ್ಕೆ ‘ಪ್ರಾಗ್ಮ್ಯಾಟಿಸಿಸಂ’ ಎಂದು ಹೆಸರು ಬದಲಿಸಿಕೊಂಡರು. ಇದು ಎಷ್ಟು ಕುರೂಪವೆಂದರೆ ಮಕ್ಕಳ ಕಳ್ಳರೂ ಇದನ್ನು ಎತ್ತಿಕೊಂಡು ಹೋಗಲಾರರು ಎಂಬರ್ಥದ ಮಾತನ್ನೂ ಸೇರಿಸಿದರು. ಅವರ ಮಾತು ನಿಜವಾಯಿತು. ಇವತ್ತಿಗೂ ಆ ಹೆಸರನ್ನು ಯಾರೂ ಕದ್ದಿಲ್ಲ.

ಮೂರನೆಯವರು ಜಾನ್ ಡ್ಯೂಯಿ. ವಿಚಾರ ಎಂಬುದು ಸಮಸ್ಯೆಯಿಂದ ಪಾರಾಗುವ ಉಪಕರಣ, ಶಾಲೆ ಎಂಬುದು ಮಾಡಿ ಕಲಿಯುವ ಜಾಗ, ಪ್ರಜಾಪ್ರಭುತ್ವ ಎಂಬುದು ಮತಪೆಟ್ಟಿಗೆಗಿಂತ ದೊಡ್ಡದಾದ, ಕೂಡಿ ಬಾಳುವ ರೀತಿ ಎಂದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ ಅಂಬೇಡ್ಕರ್ ಇವರ ಶಿಷ್ಯರು. ಗುರುವಿನ ಪ್ರಭಾವವನ್ನು ಅಂಬೇಡ್ಕರ್ ಕೊನೆಯವರೆಗೂ ಒಪ್ಪಿಕೊಂಡವರು. ಹಾಗಾಗಿ ಪ್ರಾಗ್ಮ್ಯಾಟಿಸಂ ನಮ್ಮ ದೇಶಕ್ಕೆ ದೂರದ ನೆಂಟನೇನಲ್ಲ.

ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಓದಿದವರು ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎನ್ನುತ್ತಾರೆ. ಅರ್ಧ ನಿಜ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬ ಸಂಶಯಕ್ಕೆ, ಹೋಗಿ ಕುಡಿದು ಬಾಯಾರಿಕೆ ಹಿಂಗಿದರೆ ನೀರೆಂಬ ಜ್ಞಾನ ಸರಿ ಎಂದು ನಮ್ಮ ನೈಯಾಯಿಕರು ಹೇಳಿದರು. ಅದನ್ನು ಪ್ರವೃತ್ತಿಸಾಮರ್ಥ್ಯ ಎಂದು ಕರೆದರು. ಆದರೆ ಅವರಿಗೆ ಬಾಯಾರಿಕೆ ಹಿಂಗಿದ್ದು ಜ್ಞಾನ ಸರಿ ಎಂಬುದಕ್ಕೆ ಗುರುತು ಮಾತ್ರ. ಹಿಂಗಿದ್ದೇ ಸತ್ಯ ಎಂದು ಅವರು ಹೇಳಲಿಲ್ಲ. ಜೇಮ್ಸ್ ಈ ಗೆರೆಯನ್ನು ಅಳಿಸಿದರು ಎಂಬುದೇ ಅವರ ಮೇಲಿನ ದೊಡ್ಡ ಆಕ್ಷೇಪ. ಈ ವಿಷಯದಲ್ಲಿ ನಾನು ನೈಯಾಯಿಕರ ಪಕ್ಷ.

ಇನ್ನು ದೊಡ್ಡಪ್ಪನ ಮಾತು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಮೂಲದಲ್ಲಿ ಬೈಗುಳವಲ್ಲ, ಒಕ್ಕಲುತನದ ಬುದ್ಧಿಮಾತು. ರಾಶಿ ಕಣದಲ್ಲಿದೆ, ಗಾಳಿ ನಮ್ಮ ಆಳಲ್ಲ, ಬೀಸಿದಾಗ ತೂರದಿದ್ದರೆ ಹೊಟ್ಟು ಕಾಳು ಒಂದೇ ಕಡೆ ಉಳಿಯುತ್ತದೆ. ಇದಕ್ಕಿಂತ ಪ್ರಾಗ್ಮ್ಯಾಟಿಕ್ ಮಾತು ಬೇರೆ ಸಿಗಲಿಕ್ಕಿಲ್ಲ. ಅದೇ ಗಾದೆಯನ್ನು ಪಕ್ಷ ಬದಲಿಸಿದವನಿಗೆ ಹೇಳಿದಾಗ ಮಾತ್ರ ಅದು ಚುಚ್ಚುತ್ತದೆ. ಗಾದೆ ಒಂದೇ, ತೂರಿಕೊಂಡದ್ದು ಏನನ್ನು ಎಂಬುದರಲ್ಲಿ ವ್ಯತ್ಯಾಸ. ಕಾಳು ಬೇಕೆಂಬ ಗುರಿ ಇದ್ದವ ಗಾಳಿ ನೋಡಿ ದಿಕ್ಕು ಬದಲಿಸಿ ನಿಲ್ಲುತ್ತಾನೆ. ಸಮಯಸಾಧಕನಿಗೆ ಗಾಳಿಯೊಡನೆ ಗುರಿಯೂ ಬದಲಾಗುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಪರಿಚಯ ಮರೆಯುವವ, ಅಟ್ಟ ಹತ್ತಿ ಏಣಿ ಒದೆಯುವವ, ಇವರಿಗೆಲ್ಲ ಅವಕಾಶವಾದಿ ಎಂಬ ಪದ ಕನ್ನಡದಲ್ಲಿ ಇದ್ದೇ ಇದೆ. ಪ್ರಾಗ್ಮ್ಯಾಟಿಕ್ ಎಂಬ ಪದವನ್ನು ಅವರಿಗಾಗಿ ವ್ಯಯ ಮಾಡಬೇಕಿಲ್ಲ.

ಒಳ್ಳೆಯ ಅರ್ಥದ ಪ್ರಾಗ್ಮ್ಯಾಟಿಕ್ ನಡೆಗೆ ನಮ್ಮ ಕಡೆಯ ಒಂದು ಉದಾಹರಣೆ ಬೇಕಾದರೆ ಕ್ಯಾಂಪ್ಕೊ ಇದೆ. ಅಡಿಕೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಲಿ ಎಂದು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಅದು. ಅಡಿಕೆಯ ನಡುವೆ ಕೊಕ್ಕೊ ಹಾಕಿದವರಿಗೆ ಕೊಳ್ಳುವವರಿಲ್ಲದೆ ಬೆಲೆ ಬಿದ್ದಾಗ ಕೊಕ್ಕೊ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. ಅಡಿಕೆ ಸಂಘಕ್ಕೆ ಚಾಕೊಲೇಟಿನ ಉಸಾಬರಿ ಏಕೆ ಎಂದು ಕೇಳಿದ್ದರೆ ಬೈಲಾದಲ್ಲಿ ಉತ್ತರ ಸಿಗುತ್ತಿತ್ತೋ ಇಲ್ಲವೋ, ಬೆಳೆಗಾರನ ಬೆಲೆ ಎಂಬ ಗುರಿಯಲ್ಲಿ ಸಿಗುತ್ತಿತ್ತು.

ಆದರೆ ಎಲ್ಲ ಉದಾಹರಣೆಗಳೂ ಇಷ್ಟು ಸಲೀಸಲ್ಲ. ಕಾಸರಗೋಡಿನ ಕನ್ನಡಿಗರು ದಿನಾ ಎದುರಿಸುವ ಒಂದನ್ನು ನೋಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಇಲ್ಲಿಯ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಗ್ರಾಮ ಕಚೇರಿಗೆ ಆದಾಯದ ಸರ್ಟಿಫಿಕೇಟಿಗೆ ಹೋಗುತ್ತೀರಿ. ಮೇಜಿನ ಮೇಲೆ ಇರುವುದು ಮಲಯಾಳದ ಫಾರಂ. ಪಕ್ಕದಲ್ಲಿದ್ದವರು, ‘ಕೊಡಿ ಇಲ್ಲಿ, ನಾನು ತುಂಬಿಸಿ ಕೊಡ್ತೇನೆ, ಹತ್ತು ನಿಮಿಷದ ಕೆಲಸ’ ಎನ್ನುತ್ತಾರೆ. ಕನ್ನಡ ಫಾರಮ್ಮೇ ಬೇಕು ಎಂದರೆ ಇವತ್ತಿನ ಬಸ್ಸು ತಪ್ಪುತ್ತದೆ, ಮಗಳ ಅಡ್ಮಿಷನ್ನಿನ ಕೊನೆಯ ದಿನವೂ ಹತ್ತಿರ ಬಂದಿದೆ. ಬೇಲೆ ಆವೊಡು ಎನ್ನುತ್ತಾರಲ್ಲ ತುಳುವಿನಲ್ಲಿ, ಕೆಲಸ ಆಗಬೇಕು. ತುಂಬಿಸಿ ಕೊಡುತ್ತೀರಿ. ಇದು ಪ್ರಾಗ್ಮ್ಯಾಟಿಕ್ಕೇ?

ಆ ದಿನದ ಮಟ್ಟಿಗೆ ಹೌದು. ಆದರೆ ಪ್ರಾಗ್ಮ್ಯಾಟಿಕ್ ಎಂದರೆ ಫಲ ನೋಡುವವ ಎಂದಾದರೆ, ಎಷ್ಟು ದೂರದ ಫಲ ಎಂಬ ಪ್ರಶ್ನೆ ಏಳುತ್ತದೆ. ಎಲ್ಲರೂ ಹೀಗೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿಕೊಂಡರೆ, ನಾಳೆ ‘ಕನ್ನಡ ಫಾರಂ ಕೇಳುವವರೇ ಇಲ್ಲ’ ಎಂಬುದು ದಾಖಲೆಯಾಗುತ್ತದೆ. ಅದನ್ನು ಅಚ್ಚು ಹಾಕಿಸಬೇಕಾದವರಿಗೂ ಅದೇ ಒಳ್ಳೆಯ ನೆಪ. ಹಾಗೆಂದು ಮಗಳ ಅಡ್ಮಿಷನ್ ಪಣಕ್ಕಿಟ್ಟು ಕೌಂಟರಿನ ಮುಂದೆ ಕೂತು ಸತ್ಯಾಗ್ರಹ ಮಾಡಿ ಎಂದು ಮನೆ ಬಿಟ್ಟು ಹೊರಡದ ನಾನು ಹೇಳಿದರೆ ಅದು ಬರೀ ಭಾಷಣ. ಇವತ್ತು ಮಲಯಾಳದಲ್ಲಿ ತುಂಬಿಸಿ ಕೊಟ್ಟು, ಅದರ ಜೊತೆಗೇ ಕನ್ನಡ ಫಾರಂ ಇಡಬೇಕೆಂದು ಕನ್ನಡದಲ್ಲೇ ಒಂದು ಅರ್ಜಿ ಬರೆದು ಕೊಟ್ಟು ರಶೀದಿ ತೆಗೆದುಕೊಳ್ಳುವವರು ಇದ್ದಾರೆ. ನನ್ನ ನಿಘಂಟಿನಲ್ಲಿ ಪ್ರಾಗ್ಮ್ಯಾಟಿಕ್ ಅವರು. ಕೆಲಸವೂ ಆಯಿತು, ಹಕ್ಕಿನ ದಾಖಲೆಯೂ ಉಳಿಯಿತು.

ಯಾರಿಗೆ ಬಂದ ಫಲ ಎಂಬುದು ಇನ್ನೂ ಕಠಿಣ ಪ್ರಶ್ನೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಎರಚಿದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಕಾಗದದ ಮೇಲೆ ನೋಡಿದರೆ ಅದಕ್ಕಿಂತ ಪ್ರಾಕ್ಟಿಕಲ್ ತೀರ್ಮಾನ ಇರಲಿಲ್ಲ. ಗುಡ್ಡದ ಮೇಲೆ ಹರಡಿದ ತೋಟ, ಚಿಗುರು ಹೀರುವ ಟೀ ಸೊಳ್ಳೆಯ ಕಾಟ, ಕೈಯಿಂದ ಸಿಂಪಡಿಸಲು ಆಳು ಸಾಲದು, ಆಕಾಶದಿಂದಾದರೆ ಬೇಗ ಮುಗಿಯುತ್ತದೆ. ಗೇರಿನ ಇಳುವರಿ ಲೆಕ್ಕದ ಪುಸ್ತಕದಲ್ಲಿ ಬಂತು. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಮನೆಗಳಲ್ಲಿ ಏನಾಯಿತು ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಕೆಳಗಿನ ತೋಡು, ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯುತ್ತಿದ್ದವರು ತೋಟದ ಮಾಲೀಕರಲ್ಲವಲ್ಲ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಇಂಥದ್ದನ್ನು ‘ಪ್ರಾಗ್ಮ್ಯಾಟಿಕ್ ನಿರ್ಧಾರ’ ಎಂದು ಕರೆದವರು ಪದದ ಅರ್ಧವನ್ನು ಮಾತ್ರ ಬಲ್ಲವರು. ಕತ್ತಿಯನ್ನು ಅದ್ದಲಿಲ್ಲ, ಅದ್ದಿದವರು ಕೆಂಪಾಗಿದೆ ಎಂದು ಕೂಗಿದಾಗಲೂ ಕೇಳಲಿಲ್ಲ. ಆದ್ದರಿಂದ ಯಾರಾದರೂ ‘ಸ್ವಲ್ಪ ಪ್ರಾಗ್ಮ್ಯಾಟಿಕ್ ಆಗಿ ಯೋಚಿಸಿ’ ಎಂದು ನಿಮ್ಮ ಬಾಯಿ ಮುಚ್ಚಿಸಲು ಬಂದರೆ, ಯಾರ ಫಲ, ಎಷ್ಟು ವರ್ಷದ ಫಲ ಎಂದು ತಿರುಗಿ ಕೇಳಬಹುದು. ಪದವೇ ಆ ಹಕ್ಕನ್ನು ಕೊಡುತ್ತದೆ.

ಈಗ ಕನ್ನಡದಲ್ಲಿ ಏನೆನ್ನುವುದು? ತಂಗಿ ಹೇಳಿದ ‘ಪ್ರಾಯೋಗಿಕ’ದಿಂದ ಶುರು ಮಾಡೋಣ. ಮಲಯಾಳದಲ್ಲಿ ‘ಪ್ರಾಯೋಗಿಕ ಬುದ್ಧಿ’ ಎಂದರೆ ಇದೇ ಅರ್ಥ, ಸಲೀಸಾಗಿ ನಡೆಯುತ್ತದೆ. ಎರಡೂ ಭಾಷೆ ಕಿವಿಗೆ ಬೀಳುವ ನಮ್ಮಲ್ಲಿ ಅದು ಕನ್ನಡಕ್ಕೂ ನುಸುಳಿದೆ. ಆದರೆ ಧಾರವಾಡದಲ್ಲೋ ಮೈಸೂರಿನಲ್ಲೋ ‘ಅವರು ಪ್ರಾಯೋಗಿಕ ವ್ಯಕ್ತಿ’ ಎಂದರೆ ಲ್ಯಾಬಿನಲ್ಲಿ ಪ್ರಯೋಗಕ್ಕೆ ಇಟ್ಟ ವ್ಯಕ್ತಿಯೇ ಎಂದು ಕೇಳಿಯಾರು. ಅಲ್ಲಿ ಪ್ರಾಯೋಗಿಕ ಎಂದರೆ ಪರೀಕ್ಷೆ, ಇಲ್ಲವೇ ಪರೀಕ್ಷಾರ್ಥವಾಗಿ ಮಾಡಿದ್ದು: ಪ್ರಾಯೋಗಿಕ ಬಸ್ ಸೇವೆ, ಪ್ರಾಯೋಗಿಕ ತರಗತಿ. ‘ಪ್ರಾಯೋಗಿಕವಾಗಿ ಇದು ಕಷ್ಟ’ ಎಂಬ ಪ್ರಯೋಗ ಪತ್ರಿಕೆಗಳಲ್ಲಿ ನಡೆಯುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಮನುಷ್ಯರಿಗೆ ಮಾತ್ರ ಅಂಟಿಸಬೇಡಿ.

‘ವ್ಯವಹಾರ’ದ ಕಥೆ ಇದಕ್ಕೆ ತಿರುಗುಮುರುಗು. ಕನ್ನಡದಲ್ಲಿ ವ್ಯವಹಾರಜ್ಞಾನ ಎಂದರೆ ಒಳ್ಳೆಯ ಗುಣ. ‘ಓದಿದ್ದಾನೆ, ವ್ಯವಹಾರಜ್ಞಾನ ಸಾಲದು’ ಎಂದು ಹೆಣ್ಣು ಕೊಡುವವರು ಹಿಂದೆ ಸರಿದದ್ದುಂಟು. ಅದೇ ಮಾತನ್ನು ಮಲಯಾಳ ಮಾತ್ರ ಬಲ್ಲ ಅಧಿಕಾರಿಯ ಮುಂದೆ ಹೇಳಿ, ‘ವ್ಯವಹಾರಂ’ ಎಂದರೆ ಕೋರ್ಟು ಕೇಸು ಎಂದು ಅವರು ನೆಟ್ಟಗೆ ಕೂರುತ್ತಾರೆ. ಅವರದೂ ತಪ್ಪಲ್ಲ. ಸ್ಮೃತಿಗಳಲ್ಲಿ ವ್ಯವಹಾರವೆಂದರೆ ವ್ಯಾಜ್ಯವೇ. ಹಳೆಯ ಅರ್ಥ ಮಲಯಾಳದಲ್ಲಿ ಉಳಿಯಿತು, ನಮ್ಮಲ್ಲಿ ಅಂಗಡಿ ಕಡೆಗೆ ಸರಿಯಿತು. ಸರಿದದ್ದು ಸ್ವಲ್ಪ ಹೆಚ್ಚೇ ಆಯಿತು ಎನ್ನಬೇಕು: ‘ವ್ಯವಹಾರಸ್ಥ’ ಎಂದರೆ ದುಡ್ಡಿನ ಮನುಷ್ಯ, ‘ಅವರದ್ದೆಲ್ಲ ಬರೀ ವ್ಯವಹಾರ’ ಎಂದರೆ ನೇರ ಬೈಗುಳ. ಹಾಗಾಗಿ ಪ್ರಾಗ್ಮ್ಯಾಟಿಕ್‌ಗೆ ‘ವ್ಯಾವಹಾರಿಕ’ ಎಂದು ಒತ್ತಿ ಬರೆದರೆ ಹಣದ ವಾಸನೆ ಹೊಡೆಯುತ್ತದೆ.

‘ವಾಸ್ತವವಾದಿ’ ಎಂಬುದು ಪತ್ರಿಕೆಯವರ ಇಷ್ಟದ ಪದ, ಆದರೆ ಅದು ರಿಯಲಿಸ್ಟ್‌ಗೆ ಸಲ್ಲಬೇಕಾದದ್ದು. ಇದ್ದದ್ದನ್ನು ಇದ್ದ ಹಾಗೆ ಕಂಡು ನಿಟ್ಟುಸಿರು ಬಿಟ್ಟು ಸುಮ್ಮನೆ ಕೂತವನೂ ವಾಸ್ತವವಾದಿಯೇ. ಪ್ರಾಗ್ಮ್ಯಾಟಿಕ್ ಮನುಷ್ಯ ಎದ್ದು ಏನಾದರೂ ಮಾಡುತ್ತಾನೆ. ‘ಕಾರ್ಯಸಾಧಕ’ ಹತ್ತಿರ ಬರುತ್ತದೆ, ‘ಲೋಕಜ್ಞಾನ’ವೂ ಹತ್ತಿರ. ನನಗೆ ಹೆಚ್ಚು ಒಪ್ಪಿಗೆಯಾದದ್ದು ಮನೆಮಾತಿನ ‘ಆಗುಹೋಗು ಬಲ್ಲವರು’. ಗ್ರೀಕಿನ ಪ್ರಾಗ್ಮಕ್ಕೆ ಇಷ್ಟು ಸರಿಯಾಗಿ ಕೂರುವ ಪದ ಸಂಸ್ಕೃತದ ಸಹಾಯವಿಲ್ಲದೆ ಸಿಕ್ಕಿತು ಎಂಬುದೂ ಒಂದು ಸಂತೋಷ. ‘ಅದು ಆಗುವ ಹೋಗುವ ಮಾತಲ್ಲ’ ಎನ್ನುತ್ತೇವಲ್ಲ, ಆ ಕುಟುಂಬದ್ದೇ ಇದು. ಅಪ್ರೈಸಲ್ ಹಾಳೆಯನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳುವುದಾದರೆ ‘ಆಗುಹೋಗು ನೋಡಿ ಕೆಲಸ ಮಾಡುವವ ಅಂತ ಬರೆದಿದ್ದಾರೆ’ ಎನ್ನಿ. ದೊಡ್ಡಪ್ಪ ನಗುವುದಿಲ್ಲ.

ಪ್ರಾಕ್ಟಿಕಲ್‌ಗೂ ಪ್ರಾಗ್ಮ್ಯಾಟಿಕ್‌ಗೂ ಬಳಕೆಯಲ್ಲಿ ಒಂದು ವ್ಯತ್ಯಾಸ ಗಮನಿಸಿ. ವಸ್ತುವಿಗೆ ಪ್ರಾಕ್ಟಿಕಲ್ ಎನ್ನಬಹುದು, ಪ್ರಾಗ್ಮ್ಯಾಟಿಕ್ ಎನ್ನಲಾಗದು. ಮರ ಹತ್ತುವವರು ಸಿಗದ ಈ ದಿನಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಪ್ರಾಕ್ಟಿಕಲ್. ‘ಹತ್ತುವವರಿಗೆ ಕಾದು ಕೂತರೆ ಎರಡನೇ ಸಲದ ಮದ್ದು ತಪ್ಪುತ್ತದೆ, ಸಾಲ ಮಾಡಿಯಾದರೂ ದೋಟಿ ತರುವುದೇ’ ಎಂದು ನಿಶ್ಚಯಿಸಿದ ಮನೆಯ ಯಜಮಾನಿ ಪ್ರಾಗ್ಮ್ಯಾಟಿಕ್. ವ್ಯಕ್ತಿ, ನಿರ್ಧಾರ, ಧೋರಣೆ, ನೀತಿ ಇವುಗಳಿಗೆ ಮಾತ್ರ ಈ ವಿಶೇಷಣ. ಅನುವಾದ ಮಾಡುವಾಗ ಪದಕ್ಕೆ ಪದ ಹುಡುಕುವುದಕ್ಕಿಂತ ವಾಕ್ಯವನ್ನು ಬಿಡಿಸಿ ಹೇಳುವುದು ಮೇಲು. ‘ಸರಕಾರ ಪ್ರಾಗ್ಮ್ಯಾಟಿಕ್ ಧೋರಣೆ ತಾಳಿತು’ ಎಂಬುದನ್ನು ‘ಸರಕಾರ ಪಟ್ಟು ಸಡಿಲಿಸಿ ಸಾಧ್ಯವಾದ ದಾರಿ ಹಿಡಿಯಿತು’ ಎಂದರೆ ಹತ್ತನೇ ಕ್ಲಾಸಿನವರಿಗೂ ತಿಳಿಯುತ್ತದೆ.

ಕೊನೆಗೆ, ಭಾಷಾಶಾಸ್ತ್ರ ಓದುವವರಿಗೆ ಒಂದು ಎಚ್ಚರಿಕೆ. ಅಲ್ಲಿ ‘ಪ್ರಾಗ್ಮ್ಯಾಟಿಕ್ಸ್’ ಎಂಬುದು ಬೇರೆಯೇ ಒಂದು ಶಾಖೆ, 1938ರಲ್ಲಿ ಚಾರ್ಲ್ಸ್ ಮೋರಿಸ್ ಇಟ್ಟ ಹೆಸರು. ಮಾತಿನ ನಿಘಂಟಿನ ಅರ್ಥ ಬಿಟ್ಟು, ಸಂದರ್ಭದಲ್ಲಿ ಅದು ಏನು ಮಾಡುತ್ತದೆ ಎಂದು ನೋಡುವ ವಿದ್ಯೆ. ಮಧ್ಯಾಹ್ನ ಮನೆಗೆ ಬಂದವರು ಜಗಲಿಯಲ್ಲಿ ಕೂತು ‘ಬಿಸಿಲು ಭಯಂಕರ’ ಎಂದರೆ ಹವಾಮಾನದ ವರದಿ ಕೊಡುತ್ತಿಲ್ಲ, ಬೆಲ್ಲ ನೀರು ತನ್ನಿ ಎಂದು ಅರ್ಥ. ಹೊರಡುವವರು ‘ಬರ್ತೇನೆ’ ಎನ್ನುತ್ತಾರೆ. ಕನ್ನಡ ಹೊಸದಾಗಿ ಕಲಿತವರು ಅದನ್ನು ಕೇಳಿ ಕುರ್ಚಿ ಎಳೆದು ಕೊಟ್ಟರೆ ಅವರ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ, ಕೊರತೆ ಇರುವುದು ಪ್ರಾಗ್ಮ್ಯಾಟಿಕ್ಸಿನಲ್ಲಿ. ತತ್ವಶಾಸ್ತ್ರದ ಪ್ರಾಗ್ಮ್ಯಾಟಿಸಂ, ಭಾಷಾಶಾಸ್ತ್ರದ ಪ್ರಾಗ್ಮ್ಯಾಟಿಕ್ಸ್ ಈ ಎರಡನ್ನು ಸೆಮಿನಾರಿನಲ್ಲಿ ಕನ್ನಡಿಸುವ ಹಠ ಬೇಡ, ಹೆಸರನ್ನು ಹಾಗೆಯೇ ಇಟ್ಟು ಮುಂದಿನ ವಾಕ್ಯದಲ್ಲಿ ವಿವರಿಸಿ. ಮನುಷ್ಯರ ಗುಣ ಹೇಳುವಾಗ ಮಾತ್ರ ಕನ್ನಡದ್ದನ್ನೇ ಬಳಸಿ.